ನಡಿಯೂದನ್ನ ಬಿಚ್ಚಿ ಕಟ್ಟೂದು ಯಾಕ?

ಹೋದ ಸಲ ಉಪ್ಪಿನಕಾಯಿ ಬಗ್ಗೆ ಬರದಾಗ ಭಾಳ ಮಂದಿ ಫೋನ್ ಮಾಡಿ ಅಳತಿ ಕೇಳಿದ್ರಿ. ಈ ಸಲ ಬರಿಯೂದು ಅಡಿಗಿ ಬಗ್ಗೆ ಅಲ್ಲ, ನಮ್ಮ ಸೊಸಿಯ ಕಂಪ್ಯೂಟರ್ ಕೆಲಸದ ಬಗ್ಗೆ. ಪಿ.ಯು.ಸಿ. ಆರ್ಟ್ಸ್ ಓದಿದಾಕಿಗೆ ಅದರ ಉಸಾಬರಿ ಯಾಕ ಅಂತ ನಗಬ್ಯಾಡ್ರಿ. ನಮ್ಮ ಮನ್ಯಾಗ ಮೂರ ತಿಂಗಳು ಇದೇ ಜಗಳ ನಡದದ. ಆ ಜಗಳದಾಗ ನಾನು ಮೊದಲ ಒಂದು ಕಡೆ ಇದ್ದೆ, ಈಗ ಇನ್ನೊಂದು ಕಡೆ ಬಂದೀನಿ. ಯಾಕ ಬಂದೆ ಅನ್ನೂದನ್ನ ನಿಮಗ ಹೇಳಬೇಕು.

ಸೊಸಿ ನಿಮಗೆಲ್ಲಾ ಗೊತ್ತಿದ್ದಾಕಿನೇ. ಬೆಂಗಳೂರಾಗ ಆಫೀಸಿಗೆ ಹೋಗ್ತಿದ್ಲು. ಕೂಸು ಆದ ಮ್ಯಾಲೆ ನೌಕರಿ ಬಿಟ್ಟು ಹುಬ್ಬಳ್ಳಿಗೆ ಬಂದ್ರು. ನಾಕು ವರ್ಷದಿಂದ ಮನ್ಯಾಗೇ ಕೂತು ಸಣ್ಣ ಸಣ್ಣ ಅಂಗಡಿಯವರಿಗೆ ವೆಬ್‌ಸೈಟ್ ಮಾಡಿ ಕೊಡ್ತಾಳ. ಅಕಿ ಬರಿಯೂದು ಪಿ.ಎಚ್.ಪಿ. ಅನ್ನೂ ಭಾಷಾದಾಗ. ಯಾರೂ ಕಲಿಸಿಲ್ಲ, ರಾತ್ರಿ ಕೂಸು ಮಲಗಿದ ಮ್ಯಾಲೆ ತಾನೇ ನೋಡಿ ನೋಡಿ ಕಲ್ತಾಳ. ಅಕಿಯ ಮೊದಲನೇ ದೊಡ್ಡ ಕೆಲಸ ಅಂದ್ರ ಒಂದು ಫರಾಳದ ಅಂಗಡಿದು. ಅವರು ಪೇಢಾ, ಶೇವು, ಚಕ್ಕಲಿ, ಚೂಡಾ, ತುಪ್ಪ ಎಲ್ಲಾ ಊರೂರಿಗೆ ಕಳಸ್ತಾರ. ಹೆಸರು ಹೇಳಂಗಿಲ್ಲ, ಹೇಳಬಾರದು.

ಆ ವೆಬ್‌ಸೈಟ್ ಚಂದ ನಡೀತಿತ್ತು. ಅಕಿ ಬರದ ರೀತಿ ಹೆಂಗಿತ್ತು ಅಂದ್ರ, ನಾವು ಹೊಸಾ ಹುಡುಗಿಗೆ ಅಡಿಗಿ ಹೇಳಿಕೊಟ್ಟಂಗ. ಮೊದಲ ಇದು ಮಾಡು, ಆಮ್ಯಾಲೆ ಅದು ಮಾಡು, ಉಪ್ಪು ಹಾಕು, ಇಳಸು. ಗಿರಾಕಿ ಹೆಸರು ತಗೋ, ಏನು ಬೇಕು ಕೇಳು, ಬೆಲಿ ಕೂಡಸು, ತೆರಿಗಿ ಹಚ್ಚು, ಟಪಾಲು ಖರ್ಚು ಹಚ್ಚು, ಬಿಲ್ ತಗಿ. ಮ್ಯಾಲಿಂದ ಕೆಳಗ ಒಂದೇ ಉದ್ದ ಫೈಲು. ಇದಕ್ಕ ಪ್ರೊಸೀಜರಲ್ ಪದ್ಧತಿ ಅಂತಾರಂತ. ಇದರಾಗ ತಪ್ಪೇನಿಲ್ಲ. ಈ ಪಿ.ಎಚ್.ಪಿ. ಹುಟ್ಟಿದ್ದೇ ಸಣ್ಣ ಕೆಲಸಕ್ಕ. 1994ರಾಗ ರಾಸ್ಮಸ್ ಲೆರ್ಡಾರ್ಫ್ ಅನ್ನಾಂವ ತನ್ನ ಸ್ವಂತ ಪುಟದ ಸಲುವಾಗಿ ಶುರು ಮಾಡಿ 1995ರಾಗ ಮಂದಿಗೆ ಕೊಟ್ಟ. ಆವಾಗ ಅದರ ಹೆಸರೇ 'ಪರ್ಸನಲ್ ಹೋಮ್ ಪೇಜ್' ಅಂತಿತ್ತು. ನಮ್ಮ ಭಾಷಾದಾಗ ಹೇಳಬೇಕಂದ್ರ ಮನಿಮಟ್ಟಿಗೆ ಮಾಡಿಕೊಂಡ ಅಡಿಗಿ. ಅದೇ ಕೈಯಿಂದ ಐದನೂರು ಮಂದಿಗೆ ಬಡಸೂ ವ್ಯಾಳ್ಯಾ ಬಂದಾಗ ತೊಂದ್ರಿ ಶುರು.

ತೊಂದ್ರಿ ಬಂದದ್ದು 2025ರ ಸಪ್ಟೆಂಬರ್ 22ಕ್ಕ. ಅವತ್ತೇ ನವರಾತ್ರಿ ಘಟಸ್ಥಾಪನಾ, ನೆನಪಿರಬೇಕು. ಅವತ್ತೇ ಸರಕಾರದವರು ಜಿ.ಎಸ್.ಟಿ. ಬದಲಿ ಮಾಡಿದ್ರು. ಪಾಕೀಟಿನ ಶೇವು, ಚೂಡಾ, ತುಪ್ಪ ಇವಕ್ಕೆಲ್ಲಾ ಅಲ್ಲೀತನಾ 12 ಪರ್ಸೆಂಟ್ ಇತ್ತು, ಅವತ್ತಿಂದ 5 ಆತು. ಪೇಢಾಕ್ಕ ಮೊದಲಿಂದನೂ 5 ಇತ್ತು, ಅದು ಹಂಗೇ ಉಳೀತು. ನಮಗೆಲ್ಲಾ ಖುಷಿ, ತುಪ್ಪ ಸೋವಿ ಆತು ಅಂತ. ಸೊಸಿಗೆ ಮಾತ್ರ ರಾತ್ರಿ ನಿದ್ದಿ ಇಲ್ಲ. ಯಾಕಂದ್ರ 'ಪೇಢಾ ಇದ್ರ 5 ಹಚ್ಚು, ಶೇವು ಇದ್ರ 12 ಹಚ್ಚು, ತುಪ್ಪ ಇದ್ರ 12 ಹಚ್ಚು' ಅನ್ನೂ ಮಾತನ್ನ ಅಕಿ ಒಂದು ಕಡೆ ಅಲ್ಲ, ಹನ್ನೊಂದು ಕಡೆ ಬರದಿದ್ಲು. ಗಿರಾಕಿ ನೋಡೂ ಪುಟದಾಗ ಒಂದ ಸಲ, ಬುಟ್ಟಿ ಪುಟದಾಗ ಒಂದ ಸಲ, ರೊಕ್ಕಾ ಕಟ್ಟೂ ಪುಟದಾಗ ಒಂದ ಸಲ, ಹಿಂಗ. ಹೊಸಾ ಪುಟ ಬೇಕಾದಾಗೆಲ್ಲಾ ಹಳೇದರಿಂದ ಎತ್ತಿ ಹಾಕಿಕೊಂಡಿದ್ಲು. ನಾವೂ ಹಂಗೇ ಅಲ್ಲೇನ್ರಿ, ಒಬ್ಬರ ವಹಿಯಿಂದ ಇನ್ನೊಬ್ಬರು ರೆಸಿಪಿ ಇಳಿಸಿಕೊಳ್ತೀವಿ. ಒಬ್ಬಾಕಿ ಅಳತಿ ತಿದ್ದಿದ್ರ ಉಳದ ಹತ್ತು ವಹಿಯೊಳಗ ಹಳೇ ಅಳತಿನೇ ಉಳೀತದ.

ಹತ್ತು ಕಡೆ ತಿದ್ದಿದ್ಲು. ಹನ್ನೊಂದನೇದು ಉಳೀತು. ಅದು ಪಾಕೀಟಿನ ಜೋಡಿ ಹೋಗೂ ಛಾಪಿಸಿದ ಬಿಲ್ಲಿನ ಪುಟ. ಗಿರಾಕಿ ಕಟ್ಟಿದ್ದು 5ರ ಲೆಕ್ಕದ ರೊಕ್ಕಾ, ಕೈಗೆ ಬಂದ ಬಿಲ್ಲಿನ್ಯಾಗ 12. ಹಬ್ಬದ ಗದ್ದಲದಾಗ ಮೂರು ದಿನ ಯಾರೂ ನೋಡ್ಲಿಲ್ಲ. ನಾಕನೇ ದಿನ ಅಂಗಡಿಯವರ ಫೋನು. ಗಿರಾಕಿ ಅವರನ್ನ ಬೈದಿದ್ರು, ಅವರು ಇಕಿಯನ್ನ ಬೈದ್ರು. ಎಲ್ಲಾ ಬಿಲ್ಲು ಮತ್ತ ಮಾಡಿ ಕಳಿಸಬೇಕಾತು. ಆ ತಿಂಗಳ ರೊಕ್ಕಾ ಕೊಡ್ಲಿಲ್ಲ. 'ಮನ್ಯಾಗ ಕೂತು ಮಾಡೂ ಹೆಣ್ಣುಮಕ್ಕಳ ಕೆಲಸ ಇಷ್ಟೇ' ಅಂತ ಒಂದು ಮಾತೂ ಅಂದ್ರಂತ. ಆ ಮಾತಿಗೆ ಅಕಿ ಅತ್ಲು, ರೊಕ್ಕಕ್ಕ ಅಲ್ಲ.

ದಸರಾ ಮುಗದ ಮ್ಯಾಲೆ ಒಂದು ದಿನ ಊಟದ ಹೊತ್ತಿನ್ಯಾಗ ಹೇಳಿದ್ಲು, "ನಾ ಇದನ್ನೆಲ್ಲಾ ಬಿಚ್ಚಿ ಮತ್ತ ಬರೀತೀನಿ. ಆಬ್ಜೆಕ್ಟ್ ಪದ್ಧತಿಯೊಳಗ. ಎರಡು ತಿಂಗಳು ಹಿಡೀತದ. ಇದಕ್ಕ ಯಾರೂ ರೊಕ್ಕಾ ಕೊಡಂಗಿಲ್ಲ."

ಅಷ್ಟೇ ನೋಡ್ರಿ, ಶುರು ಆತು. ನಮ್ಮನಿಯವರು, "ತಪ್ಪು ತಿದ್ದಿ ಆತಲ್ಲಾ, ನಡಿಯೂ ಗಾಡಿ ಯಾಕ ಬಿಚ್ಚಬೇಕು?" ಅಂದ್ರು. ಮಗ, "ತೆರಿಗಿ ಲೆಕ್ಕಾ ಒಂದೇ ಕಡೆ ಬರದು ಎಲ್ಲಾ ಪುಟದಾಗ ಅದನ್ನೇ ಕರದ್ರ ಆತು, ಅದಕ್ಕ ಪೂರಾ ಮನಿ ಯಾಕ ಕೆಡವಬೇಕು?" ಅಂದ. ನಾನು ಏನಂದೆ ಅಂದ್ರ, "ಎರಡು ತಿಂಗಳು ಫುಕಟ್ ಕೆಲಸಾ ಮಾಡಾಕಿ, ಆ ಹೊತ್ತಿನ್ಯಾಗ ಇನ್ನೆರಡು ಅಂಗಡಿ ಹಿಡಿ." ಈಗ ನೆನಸಿಕೊಂಡ್ರ ನಾಚಿಗಿ ಬರ್ತದ.

ಮಗನ ಮಾತು ಪೂರಾ ಸುಳ್ಳಲ್ಲ, ಅಕಿನೂ ಒಪ್ಪಿದ್ಲು. ಒಂದು ಫಂಕ್ಷನ್ ಮಾಡಿದ್ರ ತೆರಿಗಿ ತಪ್ಪು ತಡೀಬಹುದಿತ್ತು. ಆದ್ರ ಅಕಿ ಇನ್ನೊಂದು ಘಟನಾ ಹೇಳಿದ್ಲು. ಅದೇ ಫೈಲಿನ್ಯಾಗ ಒಂದ ಸಲ ಬಿಲ್ಲಿನ ಮೊತ್ತಕ್ಕ 'ಟೋಟಲ್' ಅಂತ ಹೆಸರಿಟ್ಟಿದ್ಲು. ಟಪಾಲು ಖರ್ಚಿನ ಬ್ಯಾರೆ ಫೈಲಿನ್ಯಾಗನೂ 'ಟೋಟಲ್' ಅಂತನೇ ಹೆಸರು. ಪಿ.ಎಚ್.ಪಿ.ಯೊಳಗ ಒಂದು ಫೈಲನ್ನ ಇನ್ನೊಂದರೊಳಗ ತಂದು ಸೇರಿಸಿದ್ರ ಅದರ ಸಾಮಾನೆಲ್ಲಾ ಇದರ ಸಾಮಾನಿನ ಜೋಡಿ ಕೂಡಿಬಿಡ್ತದ. ಹಿಂಗಾಗಿ ಸಾವಿರದ ಇನ್ನೂರು ರೂಪಾಯಿ ಬಿಲ್ಲು ಎಂಬತ್ತು ರೂಪಾಯಿ ಆಗಿತ್ತು! ಹೆಸರು ಬರೀಲಾರದ ಡಬ್ಬಿಯೊಳಗ ನಾನು ಸಕ್ಕರಿ ಹಾಕಿಟ್ಟಿರ್ತೀನಿ, ಇನ್ನೊಬ್ಬಾಕಿ ಬಂದು ಅದನ್ನ ಸುರುವಿ ಉಪ್ಪು ಹಾಕ್ತಾಳ, ನಾನು ಚಹಾಕ್ಕ ಹಾಕ್ತೀನಿ. ತಪ್ಪು ನಂದೂ ಅಲ್ಲ, ಅಕಿದೂ ಅಲ್ಲ. ಯಾರು ಬೇಕಾದ್ರೂ ಕೈ ಹಾಕಬಹುದು ಅನ್ನೂ ವ್ಯವಸ್ಥಾದ್ದು ತಪ್ಪು.

ಹಂಗಾರ ಈ ಆಬ್ಜೆಕ್ಟ್ ಅಂದ್ರೇನು? ಅವರಿ ಸುಲೀತ ಕೂತಾಗ ಅಕಿನ್ನ ಕೇಳಿದೆ. ಮೊದಲ ಕರ್ಚಿಕಾಯಿ ಅಚ್ಚಿನ ಲೆಕ್ಕ ಹೇಳಿದ್ಲು. ಕ್ಲಾಸ್ ಅಂದ್ರ ಅಚ್ಚು, ಆಬ್ಜೆಕ್ಟ್ ಅಂದ್ರ ಅದರಿಂದ ಬಂದ ಕರ್ಚಿಕಾಯಿ. ಅಚ್ಚು ಒಂದೇ, ಒಳಗಿನ ಹೂರಣ ಬ್ಯಾರೆ ಬ್ಯಾರೆ. ತಿಳೀತು ಅಂದೆ. "ಇಷ್ಟೇ ಅಲ್ಲ ಅತ್ತಿ," ಅಂದ್ಲು. "ಕರ್ಚಿಕಾಯಿ ಮಾತಾಡಂಗಿಲ್ಲ. ಆಬ್ಜೆಕ್ಟ್ ಉತ್ತರಾ ಕೊಡ್ತದ. ಶೇವು ಅನ್ನೂ ಆಬ್ಜೆಕ್ಟಿಗೆ ತನ್ನ ತೂಕ, ತನ್ನ ಬೆಲಿ, ತನ್ನ ತೆರಿಗಿ ತನಗೇ ಗೊತ್ತಿರ್ತದ. ಬಿಲ್ ಪುಟ ಬಂದು ನೀ ಯಾರು, ಶೇವೋ ಪೇಢಾನೋ ಅಂತ ಕೇಳಂಗಿಲ್ಲ. ನಿನ್ನ ತೆರಿಗಿ ಎಷ್ಟು ಅಂತ ಕೇಳ್ತದ. ಅದು ಹೇಳ್ತದ. ನಾಳೆ ಅಂಗಡಿಯವರು ಹೊಸಾ ಪದಾರ್ಥ ತಂದ್ರೂ ಬಿಲ್ ಪುಟದಾಗ ಒಂದು ಅಕ್ಷರ ಮುಟ್ಟೂದು ಬ್ಯಾಡ."

ಇನ್ನೊಂದು ಮಾತು. ಆ ತೆರಿಗಿ ಅನ್ನೂದನ್ನ 'ಪ್ರೈವೇಟ್' ಅಂತ ಇಡತಾರ. ಹೊರಗಿನವರು ಕೇಳಬಹುದು, ಒಳಗ ಕೈ ಹಾಕಿ ತಿದ್ದಾಕ ಬರಂಗಿಲ್ಲ. ಮಗ ಹೇಳಿದ ಒಂದೇ ಫಂಕ್ಷನ್ನಿಗೂ ಇದಕ್ಕೂ ಫರಕು ಇಲ್ಲೇ ಅದ. ಒಂದು ಫಂಕ್ಷನ್ ಬರದಿಟ್ರೂ ಗಡಿಬಿಡಿಯೊಳಗ ಯಾವುದರೆ ಪುಟದಾಗ ಮತ್ತ 12 ಅಂತ ಬರದು ಸಾಮಾನಿನ ತೆರಿಗಿನೇ ಬದಲಿ ಮಾಡೂದನ್ನ ತಡಿಯಾಂವ ಯಾರು? ಪ್ರೈವೇಟ್ ಇಟ್ರ ಕಂಪ್ಯೂಟರೇ ತಡೀತದ, ಅಲ್ಲೇ ತಪ್ಪು ಅಂತ ನಿಲ್ಲಸ್ತದ. ನಾವು ಬ್ಯಾಂಕಿನ್ಯಾಗ ಚೀಟಿ ಬರದು ಕಿಡಕಿಯೊಳಗ ಕೊಡ್ತೀವಿ, ಒಳಗ ಹೋಗಿ ನಾವೇ ತಿಜೋರಿಗೆ ಕೈ ಹಾಕಂಗಿಲ್ಲಲಾ, ಹಂಗ.

ಇದೇನೂ ನಿನ್ನೆ ಮೊನ್ನೆ ಹುಟ್ಟಿದ ಫ್ಯಾಶನ್ ಅಲ್ಲಂತ. ನಾರ್ವೆ ದೇಶದಾಗ ಓಲೆ-ಯೋಹಾನ್ ಡಾಲ್, ಕ್ರಿಸ್ಟೆನ್ ನ್ಯೂಗಾರ್ಡ್ ಅನ್ನೂ ಇಬ್ಬರು 1960ರ ದಶಕದಾಗ ಸಿಮ್ಯುಲಾ ಅನ್ನೂ ಭಾಷಾ ಮಾಡಿದ್ರು. ಖರೇ ಜಗತ್ತಿನೊಳಗ ನಡಿಯೂದನ್ನ ಕಂಪ್ಯೂಟರಿನೊಳಗ ನಡಿಸಿ ನೋಡಬೇಕಾಗಿತ್ತು ಅವರಿಗೆ. ಕ್ಲಾಸು, ಆಬ್ಜೆಕ್ಟು ಅಲ್ಲಿಂದನೇ ಬಂದವು. ಮುಂದ ಅಮೇರಿಕಾದಾಗ ಅಲನ್ ಕೇ ಮತ್ತ ಅವರ ಜೋಡಿದಾರರು ಸ್ಮಾಲ್‌ಟಾಕ್ ಮಾಡಿದ್ರು. ಅದರಾಗ ಅಡೆಲ್ ಗೋಲ್ಡ್‌ಬರ್ಗ್ ಅನ್ನೂ ಹೆಣ್ಣುಮಗಳದು ದೊಡ್ಡ ಕೈ ಅದ. ಬಾರ್ಬರಾ ಲಿಸ್ಕೋವ್ ಅನ್ನೂ ಇನ್ನೊಬ್ಬರು, ಒಳಗಿಂದು ಒಳಗ, ಹೊರಗಿಂದು ಹೊರಗ ಅನ್ನೂ ವಿಚಾರಾನ ಗಟ್ಟಿ ಮಾಡಿದವರು. ಅವರಿಗೆ 2008ರ ಟ್ಯೂರಿಂಗ್ ಪ್ರಶಸ್ತಿ ಸಿಕ್ಕದ. ಪಿ.ಎಚ್.ಪಿ.ಯೊಳಗ ಈ ಪದ್ಧತಿ ಸರಿಯಾಗಿ ಕೂತದ್ದು 2004ರಾಗ ಐದನೇ ಆವೃತ್ತಿ ಬಂದಾಗ. ಅಂಗಡಿಯವರ 'ಹೆಣ್ಣುಮಕ್ಕಳ ಕೆಲಸ' ಅನ್ನೂ ಮಾತಿಗೆ ಉತ್ತರಾ ಇಲ್ಲೇ ಅದ ಅಂತ ನನಗ ಅನಸ್ತು.

ಇಷ್ಟ ಕೇಳಿದ್ರೂ ನಾ ಪೂರಾ ಒಪ್ಪಿರಲಿಲ್ಲ. ಎರಡು ತಿಂಗಳು ಅಂದಾಕಿ ಮೂರು ತಿಂಗಳು ತಗೊಂಡ್ಲು. ಮೊದಮೊದಲ ಹುಮ್ಮಸ್ಸಿನ್ಯಾಗ ಎಲ್ಲಾದಕ್ಕೂ ಒಂದೊಂದು ಕ್ಲಾಸ್ ಮಾಡಿ ನಲವತ್ತು ಫೈಲು ಮಾಡಿದ್ಲು. ತಾನೇ ಹುಡುಕಲಾರದಂಗ ಆತು. ಆಮ್ಯಾಲೆ ಅಪ್ಪ-ಮಗ ಸಂಬಂಧ ಹಚ್ಚಿದ್ಲು. ಮುತ್ಯಾ 'ಪದಾರ್ಥ', ಅದರ ಮಗ 'ತೂಕದ ಪದಾರ್ಥ', ಅದರ ಮಗ 'ಫರಾಳ', ಮೊಮ್ಮಗ 'ಶೇವು'. ತುಪ್ಪ ತೂಕದಾಗನೂ ಮಾರ್ತಾರ, ಲೀಟರ್ ಲೆಕ್ಕದಾಗನೂ ಮಾರ್ತಾರ. ಅದು ಯಾರ ಮಗ? ಮುತ್ಯಾನ್ನ ಸ್ವಲ್ಪ ತಿದ್ದಿದ್ರ ಮೊಮ್ಮಕ್ಕಳೆಲ್ಲಾ ಕೆಟ್ಟು ಕೂತ್ರು. 1994ರಾಗ ನಾಕು ಮಂದಿ ಕೂಡಿ ಬರದ 'ಡಿಸೈನ್ ಪ್ಯಾಟರ್ನ್ಸ್' ಅನ್ನೂ ಪುಸ್ತಕದಾಗ ಇದಕ್ಕ ಎಚ್ಚರಿಕಿ ಅದಂತ: ವಂಶಾವಳಿ ಬೆಳಸೂದಕ್ಕಿಂತ ಸಣ್ಣ ಸಣ್ಣ ಸಾಮಾನು ಜೋಡಿಸಿಕೊಂಡು ಕೆಲಸಾ ಮಾಡೂದು ಛಲೋ ಅಂತ. ತೂಕ ಅನ್ನೂದು ಒಂದು ಸಣ್ಣ ಸಾಮಾನು, ತೆರಿಗಿ ಇನ್ನೊಂದು. ತುಪ್ಪಕ್ಕ ಬೇಕಾದ್ದನ್ನ ಜೋಡಸು, ಪೇಢಾಕ್ಕ ಬೇಕಾದ್ದನ್ನ ಜೋಡಸು. ಕಡೀಕ ನಲವತ್ತು ಫೈಲು ಹದಿನಾಕಕ್ಕ ಬಂದವು. ಈ ಗದ್ದಲ ನೋಡಿ ನಾನು, "ನಾ ಹೇಳಿರಲಿಲ್ಲೇನು?" ಅಂತ ಒಳಗೊಳಗ ಅನಕೋತಿದ್ದೆ.

ಹಿಂಗಿದ್ದಾಕಿ ಬದಲಾದದ್ದು ಜನವರಿಯೊಳಗ. ನನಗ ಪಿತ್ತಕೋಶದ ಆಪರೇಶನ್ ಆತಲಾ, ಆವಾಗ. ಸೊಸಿ ನನ್ನ ಜೋಡಿ ದವಾಖಾನ್ಯಾಗ ಇದ್ಲು. ಮನ್ಯಾಗ ನಮ್ಮನಿಯವರು, ಮಗ, ಮತ್ತ ನಮ್ಮ ಅತ್ತಿಯವರು. ಅತ್ತಿಯವರಿಗೆ ಎಂಬತ್ನಾಕು ವರ್ಷ. ಮೊದಲನೇ ದಿನ ಫೋನಿನ ಮ್ಯಾಲೆ ಫೋನು. ಗ್ಯಾಸಿನ ಪುಸ್ತಕ ಎಲ್ಲದ? ಹಾಲಿನಾಂವಗ ಎಷ್ಟು ಕೊಡೂದದ? ಕೆಲಸದಾಕಿ ಎಷ್ಟಕ್ಕ ಬರ್ತಾಳ? ಖರೇ ಹೇಳ್ತೀನಿ, ನೋವಿನೊಳಗೂ ನನಗ ಒಂದು ನಮೂನಿ ಸೊಕ್ಕು ಬಂದಿತ್ತು. ನೋಡು, ನಾ ಇಲ್ಲದ ಈ ಮನಿ ನಡಿಯಂಗಿಲ್ಲ ಅಂತ.

ಎರಡನೇ ದಿನ ಆಪರೇಶನ್. ನನ್ನ ಫೋನು ಬಂದ್. ಮುಂಜಾನೆ ಎಂಟಕ್ಕ ನಮ್ಮನಿಯವರು ಅತ್ತಿಯವರಿಗೆ ಬಿ.ಪಿ. ಗುಳಿಗಿ ಕೊಟ್ರು. ಒಂಬತ್ತಕ್ಕ ಮಗ ಎದ್ದು, ಅಜ್ಜಿ ಗುಳಿಗಿ ಉಳದದ ಅಂತ ತಿಳಕೊಂಡು ಮತ್ತೊಂದು ಕೊಟ್ಟ. ಅತ್ತಿಯವರಿಗೆ ನೆನಪು ಹಾರೂದು ನಿಮಗೂ ಗೊತ್ತದ, ಕೊಟ್ಟದ್ದನ್ನ ತಗೊಂಡ್ರು. ಹನ್ನೊಂದಕ್ಕ ಬಚ್ಚಲದ ಹೊಸ್ತಿಲದಾಗ ತಲಿ ತಿರುಗಿ ಕುಸದು ಕೂತ್ರು. ಪುಣ್ಯಾಕ್ಕ ಬೀಳ್ಲಿಲ್ಲ. ಓಣ್ಯಾಗಿನ ಡಾಕ್ಟರು ಬಂದು ನೋಡಿ, ಬಿ.ಪಿ. ಇಳದದ, ಮಲಗಿಸಿ ನೋಡ್ಕೋರಿ ಅಂದ್ರು. ಸಂಜೀಕ ಸರಿ ಆದ್ರು. ಬಿದ್ದಿದ್ರ? ಆ ವಯಸ್ಸಿನ್ಯಾಗ ಸೊಂಟದ ಎಲುಬು ಮುರದಿದ್ರ?

ಮನಿಗೆ ಬಂದ ಮ್ಯಾಲೆ ನಾ ಗಂಡಸರನ್ನ ಬೈಲಿಕ್ಕೆ ಶುರು ಮಾಡಿದೆ. "ಇಷ್ಟೂ ಗೊತ್ತಾಗಂಗಿಲ್ಲೇನು ನಿಮಗ?" ಅಂದೆ. ಸೊಸಿ ಹತ್ತರ ಕೂತು ಸಾವಕಾಶ ಹೇಳಿದ್ಲು, "ಅತ್ತಿ, ಅವರಿಗೆ ಹೆಂಗ ಗೊತ್ತಾಗಬೇಕು? ಯಾವ ಗುಳಿಗಿ, ಎಷ್ಟೊತ್ತಿಗೆ, ಕೊಟ್ಟದ್ದದನೋ ಇಲ್ಲೋ, ಎಲ್ಲಾ ನಿಮ್ಮ ತಲ್ಯಾಗೇ ಅದ. ನಿಮ್ಮ ತಲಿನೂ ನನ್ನ ಹಳೇ ಫೈಲಿನಂಗೇ."

ಸಿಟ್ಟು ಬಂತು. ಮೂವತ್ತು ವರ್ಷ ಈ ಮನಿ ನಡಸಿದಾಕಿಗೆ ಫೈಲ್ ಅಂತಾಳ! ಒಂದು ದಿನ ಮಾತಾಡ್ಲಿಲ್ಲ. ಆದ್ರ ಹಾಸಿಗಿ ಮ್ಯಾಲೆ ಬಿದ್ದಾಕಿಗೆ ವಿಚಾರ ಮಾಡೂದು ಬಿಟ್ಟು ಬ್ಯಾರೆ ಏನು ಕೆಲಸ? ಅಕಿ ಅಂದದ್ದು ಖರೆ. ಎದ್ದಾಗಿಂದ ಮಲಗೂತನಾ ನಂದು ಒಂದೇ ಉದ್ದ ಪಟ್ಟಿ. ಹಾಲು, ಗುಳಿಗಿ, ಡಬ್ಬಿ, ನೀರು, ಬಿಲ್ಲು, ಹಬ್ಬ. ಒಂದರ ಮ್ಯಾಲೊಂದು, ಎಲ್ಲಾ ಬಾಯಿಪಾಠ. ನಾ ನಿಂತ್ರ ಪಟ್ಟಿ ನಿಂತ್ತು. ಎಲ್ಲಿ ನಿಂತದ ಅಂತ ಮತ್ತೊಬ್ಬರಿಗೆ ಗೊತ್ತಾಗೂದು ಸೈತ ಇಲ್ಲ.

ಸೊಸಿ ಏಳು ದಿನದ ಖಾನೆ ಇರೂ ಗುಳಿಗಿ ಡಬ್ಬಿ ತಂದ್ಲು. ಪ್ರತಿ ದಿನಕ್ಕ ಮುಂಜಾನೆ ಒಂದು ಖಾನೆ, ರಾತ್ರಿ ಒಂದು ಖಾನೆ. ರವಿವಾರ ತುಂಬಿ ಇಡೂದು. ಖಾನೆ ಖಾಲಿ ಇದ್ರ ಕೊಟ್ಟದ್ದದ, ತುಂಬಿದ್ರ ಕೊಡಬೇಕು. ನನ್ನ ಕೇಳೂದು ಬ್ಯಾಡ, ಅತ್ತಿಯವರ ನೆನಪಿನ ಮ್ಯಾಲೆ ಹೋಗೂದು ಬ್ಯಾಡ, ಡಬ್ಬಿನ್ನ ಕೇಳಿದ್ರ ಡಬ್ಬಿನೇ ಉತ್ತರಾ ಕೊಡ್ತದ. ಆವಾಗ ನನಗ ಆಬ್ಜೆಕ್ಟ್ ಅಂದ್ರೇನು ಅನ್ನೂದು ಪೂರಾ ತಿಳೀತು. ಕರ್ಚಿಕಾಯಿ ಅಚ್ಚಿನಿಂದ ತಿಳದಿರಲಿಲ್ಲ. ಗ್ಯಾಸಿನ ಪುಸ್ತಕ, ರಸೀದಿ, ನಂಬರು ಎಲ್ಲಾ ಒಂದೇ ಚೀಲದಾಗ ಹಾಕಿ ಒಲಿ ಹಿಂದ ತೂಗ ಹಾಕೀವಿ. ಹಾಲಿನ ಲೆಕ್ಕ ಹಾಲಿನ ಪಾತೇಲಿ ಇಡೂ ಮಾಡದ ಬಾಜೂಕ.

ನನ್ನ ಅಭಿಪ್ರಾಯ ಇಷ್ಟು. ನಡೀಲಿಕ್ಹತ್ತೇದ ಅನ್ನೂದು ಒಂದು, ಯಾರು ಬಂದ್ರೂ ನಡೀತದ ಅನ್ನೂದು ಇನ್ನೊಂದು. ಹಳೇ ವೆಬ್‌ಸೈಟ್ ನಡೀತಿತ್ತು, ಸೊಸಿಯ ನೆನಪಿನ ಬಲದ ಮ್ಯಾಲೆ. ನಮ್ಮ ಮನಿ ನಡೀತಿತ್ತು, ನನ್ನ ನೆನಪಿನ ಬಲದ ಮ್ಯಾಲೆ. ಹನ್ನೊಂದನೇ ಜಾಗಾ ಯಾವತ್ತೋ ಒಂದು ದಿನ ಮರೀತದ. ಆವಾಗ ಬೈಸಿಕೊಳ್ಳಾಕಿ ಅಕಿನೇ, ಬೈಸಿಕೊಳ್ಳಾಕಿ ನಾನೇ. 'ಆಕಿ ಇಲ್ಲದ ಮನಿ ನಡಿಯಂಗಿಲ್ಲ' ಅಂತ ಮಂದಿ ನಮ್ಮನ್ನ ಹೊಗಳ್ತಾರಲಾ, ಅದು ಹೊಗಳಿಕಿ ಅಲ್ಲರೀ. ಅದು ನಮಗ ಜಡ್ಡು ಬೀಳೂ ಹಕ್ಕೂ ಇಲ್ಲ ಅಂದಂಗ.

ಹಂಗಂತ ಎಲ್ಲಾ ಬಿಚ್ಚಿ ಕಟ್ರಿ ಅಂತ ನಾ ಅನ್ನಂಗಿಲ್ಲ. ಒಂದೇ ಪುಟದ ಫಾರ್ಮ್ ಇದ್ರ ಹಳೇ ಪದ್ಧತಿಯೇ ಸಾಕು ಅಂತ ಸೊಸಿನೂ ಅಂತಾಳ. ಆಬ್ಜೆಕ್ಟಿನ ಒಳಗೂ ಕಡೀಕ ಇದು ಮಾಡು, ಅದು ಮಾಡು ಅನ್ನೂ ಸಾಲೇ ಇರ್ತಾವಂತ. ಸಾರು ಮಾಡೂದು ಯಾವತ್ತಿದ್ರೂ ಒಂದರ ಮ್ಯಾಲೊಂದೇ. ಒಬ್ಬರೇ ಉಣ್ಣೂ ಅಡಿಗಿಗೆ ಮದವಿ ಮನಿ ವ್ಯವಸ್ಥಾ ಬ್ಯಾಡ. ನಲವತ್ತು ಫೈಲಿನ ಕಥಿ ಮರೀಬ್ಯಾಡ್ರಿ.

ಇದರಾಗ ಒಂದು ಸಂಕಟನೂ ಅದ, ಮುಚ್ಚಿಡಂಗಿಲ್ಲ. ಗುಳಿಗಿ ಡಬ್ಬಿ ಬಂದ ಮ್ಯಾಲೆ ನನ್ನನ್ನ ಯಾರೂ ಏನೂ ಕೇಳೂದೇ ಬಿಟ್ರು. ಒಂದು ವಾರ ನನಗ ಎದಿಯೊಳಗ ಖಾಲಿ ಖಾಲಿ. ಸೊಸಿಗೂ ಹಂಗೇ ಆಗಿರಬೇಕು. ಹಳೇ ಫೈಲು ಅಕಿ ಬಿಟ್ರ ಯಾರಿಗೂ ತಿಳೀತಿರಲಿಲ್ಲ, ಅಂಗಡಿಯವರು ಬೈದ್ರೂ ಅಕಿನ್ನ ಬಿಡೂ ಹಂಗಿರಲಿಲ್ಲ. ಈಗ ಯಾರು ಬೇಕಾದ್ರೂ ಓದಬಹುದು. ಫೆಬ್ರುವರಿಯೊಳಗ ಅಕಿ ತವರುಮನಿ ಮದವಿಗೆ ಹೋದಾಗ ಅಂಗಡಿಯವರು ಹೊಸಾ ಪದಾರ್ಥ ಸೇರಸಬೇಕು ಅಂದ್ರು. ಅಕಿಯ ಗೆಳತಿ ಒಬ್ಬಾಕಿ, ಆ ಫೈಲನ್ನ ಹಿಂದ ಎಂದೂ ನೋಡಲಾರದಾಕಿ, ಅರ್ಧಾ ತಾಸಿನ್ಯಾಗ ಮಾಡಿ ಕೊಟ್ಲು. "ನಿನ್ನ ಕೆಲಸ ಹೋದ್ರ ಹೆಂಗ?" ಅಂತ ಕೇಳಿದೆ. "ಹೋದ್ರ ಹೋಗ್ಲಿ ಅತ್ತಿ. ಮದವಿಯೊಳಗ ಮೂರು ದಿನ ಫೋನ್ ನೋಡ್ಲಾರದ ಇದ್ದೆ. ನಾಕು ವರ್ಷದಾಗ ಇದೇ ಮೊದಲು," ಅಂದ್ಲು.

ಆ ಮಾತಿಗೆ ನನ್ನ ಹತ್ತರ ಉತ್ತರಾ ಇರಲಿಲ್ಲ. ಬರೂ ಶ್ರಾವಣದಾಗ ನಾನೂ ಅಕ್ಕನ ಜೋಡಿ ಎಂಟು ದಿನ ಪಂಢರಪುರಕ್ಕ ಹೊಂಟೀನಿ. ಮದವಿ ಆದಾಗಿಂದ ಎಂಟು ದಿನ ಮನಿ ಬಿಟ್ಟದ್ದಿಲ್ಲ. ಗುಳಿಗಿ ಡಬ್ಬಿ ತುಂಬೂದನ್ನ ಮಗನ ಕೈಲೆ ಎರಡು ರವಿವಾರ ಮಾಡಿಸಿ ನೋಡೀನಿ, ಸರಿ ತುಂಬ್ಯಾನ. ನಿಮ್ಮೊಳಗ ಯಾರರೆ ಬರೂದಿದ್ರ ಹೇಳ್ರಿ, ಟಿಕೀಟು ಕೂಡೇ ತಗಸೂಣು. ಬರೂಕಿಂತ ಮೊದಲ ನಿಮ್ಮ ತಲ್ಯಾಗ ಇದ್ದದ್ದನ್ನ ಒಂದೊಂದಾಗಿ ಅದರದರ ಜಾಗಾದಾಗ ಇಟ್ಟು ಬರ್ರಿ.